ವೃಶ್ಚಿಕದ ಮುಖಪುಟಕ್ಕೆ ಕೈ ಹಾಕಿದವರು

ನನ್ನ ಬಣ್ಣಕ್ಕೆ ಯಾರೋ ಕೈ ಹಾಕ್ತಿದ್ದಾರೆ ಅನ್ನೋ ಹುಳ ನನ್ನ ತಲೆಗೆ ಹೊಕ್ಕಿದ್ದು ಕನ್ಯಾ ರಾಶಿಯ ಸಂಚಿಕೆ ಅಚ್ಚಾಗಿ ಬಂದ ದಿನ. ತುಲಾ ಸಂಚಿಕೆ ಬರೋ ಹೊತ್ತಿಗೆ ಅನುಮಾನ ಗಟ್ಟಿಯಾಗಿತ್ತು. ವೃಶ್ಚಿಕದ ಸರದಿ ಬಂದಾಗ, ಈ ಸಲ ಕಳ್ಳರನ್ನ ಹಿಡಿದೇ ಹಿಡೀತೀನಿ ಅಂತ ಟೊಂಕ ಕಟ್ಟಿ ನಿಂತುಬಿಟ್ಟೆ.

ನಾನು ಒಂದು ಮಾಸಪತ್ರಿಕೆಗೆ ಮುಖಪುಟ ಬರೆಯೋಳು. ಕಂಪ್ಯೂಟರ್ ಮುಂದೆ ಕೂತು ಅಲ್ಲ. ದಪ್ಪ ಕಾಗದ, ನೀರು, ಬಣ್ಣ, ಕುಂಚ, ಮನೆಯ ಹಿಂದಿನ ಕೋಣೆ. ಅಲ್ಲಿ ಚಿತ್ರ ಮುಗಿಸಿ ಸುತ್ತಿಕೊಂಡು ಹೋಗಿ ಆಫೀಸಿನಲ್ಲಿ ನನ್ನ ತಂಗಿಯ ಕೈಗೆ ಕೊಡ್ತೀನಿ. ಅವಳು ಅದನ್ನ ಸ್ಕ್ಯಾನ್ ಮಾಡಿ, ಅಕ್ಷರ ಕೂರಿಸಿ, ಪ್ರೆಸ್ಸಿಗೆ ಕಳಿಸ್ತಾಳೆ. ಅಲ್ಲಿಂದ ಒಂದು ಮಾದರಿ ಹಾಳೆ ಬರತ್ತೆ. ಬಣ್ಣ ಸರಿಯಿದೆ ಅನಿಸಿದ್ರೆ ನಾನು ಅದರ ಮೂಲೆಯಲ್ಲಿ ಸಹಿ ಹಾಕ್ತೀನಿ. ಆ ಸಹಿ ಬೀಳದೆ ಮೆಷಿನ್ ತಿರುಗೋ ಹಾಗಿಲ್ಲ. ಎಷ್ಟು ಸಂಪಾದಕರು ಬಂದ್ರು, ಎಷ್ಟು ಸಂಪಾದಕರು ಹೋದ್ರು, ಈ ನಿಯಮ ಮಾತ್ರ ಅಲ್ಲಾಡಿಲ್ಲ.

ತಂಗಿಗೆ ಆ ಕೆಲಸ ಕೊಡಿಸಿದ್ದು ನಾನೇ. ಅವಳ ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಮುದುರಿ ಕೂತುಬಿಟ್ಟಿದ್ದಳು. ಎಳೆದುಕೊಂಡು ಬಂದು ಕಂಪ್ಯೂಟರ್ ಮುಂದೆ ಕೂರಿಸಿದೆ. ಮನೆಯಲ್ಲಿ ಅವಳನ್ನ ಎಲ್ಲರೂ ಪುಟ್ಟಿ ಅಂತೀವಿ. ತಲೆಯಲ್ಲಿ ಬಿಳಿಕೂದಲು ಇಣುಕಿದರೂ ಪುಟ್ಟಿ ಪುಟ್ಟಿಯೇ. ಈಗ ಆಫೀಸಿನಲ್ಲೂ ಪುಟ್ಟಿ ಮೇಡಂ.

ಈ ವರ್ಷ ಹೊಸ ಸಂಪಾದಕಿ ಬಂದಳು. ವಯಸ್ಸಿನಲ್ಲಿ ನನ್ನ ಮಗಳಾಗಬೇಕು. ಬಂದ ದಿನವೇ ನನ್ನ ಕುಂಚಗಳನ್ನ ನೋಡಿ, "ಕೈಯಲ್ಲೇ ಬರೀತೀರಾ? ನಿಧಾನ ಆಗಲ್ವಾ ಅಕ್ಕಾ?" ಅಂದಳು. ನಗ್ತಾನೇ ಅಂದಳು. ನಗ್ತಾ ಕೇಳೋ ಪ್ರಶ್ನೆಗಳ ಮೇಲೆ ನಂಗೆ ಮೊದಲಿಂದಲೂ ನಂಬಿಕೆ ಇಲ್ಲ. ಆಮೇಲೆ ಅವಳದ್ದೇ ಒಂದು ಹೊಸ ಯೋಚನೆ ಬಂತು: ತಿಂಗಳಿಗೊಂದು ರಾಶಿ, ಆ ರಾಶಿಯ ಸ್ವಭಾವ ಹಿಡಿದು ಮುಖಪುಟ. ಮೇಷದಿಂದ ಶುರು. ಇದು ನನ್ನನ್ನ ಸುಸ್ತು ಹೊಡೆಸಿ ಓಡಿಸೋ ಉಪಾಯ ಅಂತ ನಾನು ಅವತ್ತೇ ಲೆಕ್ಕ ಹಾಕಿದೆ. ಆದ್ರೂ ಒಂದೊಂದೂ ಗೆದ್ದೆ. ಸಿಂಹಕ್ಕೆ ಸಿಂಹ ಬರೀಲೇ ಇಲ್ಲ, ಮಾತು ಮುಗಿಸಿ ಎದ್ದು ಹೋದ ಯಜಮಾನನ ಖಾಲಿ ಕುರ್ಚಿ ಬರೆದೆ. ಓದುಗರು ಹುಚ್ಚೆದ್ದು ಹೋದರು.

ಕನ್ಯಾಕ್ಕೆ ಮಡಿಸಿಟ್ಟ ಬಿಳಿ ಬಟ್ಟೆಗಳ ಒಂದು ದೊಡ್ಡ ಗಂಟು. ಅದರಲ್ಲಿ ಒಂದೇ ಒಂದು ತುದಿ ಆಚೆ ಇಣುಕಿದೆ. ಅದನ್ನ ಒಳಗೆ ತಳ್ಳೋಕೆ ಬಂದಿರೋ ಒಂದು ಹುಡುಗಿಯ ಬೆರಳು. ಅಷ್ಟೇ ಚಿತ್ರ. ಆದ್ರೆ ಅಚ್ಚಾಗಿ ಬಂದದ್ದೇ ಬೇರೆ. ಹಾಲಿನ ಹಾಗೆ ಇರಬೇಕಾದ ಬಟ್ಟೆ ಚಹಾ ಸೋಸಿದ ಬಟ್ಟೆಯ ಹಾಗಿತ್ತು. ತುಲಾಕ್ಕೆ ನಾನು ಬರೆದ ಮೋಡದ ಆಕಾಶ ಅಚ್ಚಿನಲ್ಲಿ ಕೆಸರಾಗಿತ್ತು. ನಾನು ಸಹಿ ಹಾಕಿದ್ದ ಹಾಳೆಯಲ್ಲಿ ಹಾಗಿರಲಿಲ್ಲ. ಆಣೆ ಮಾಡಿ ಹೇಳ್ತೀನಿ, ಹಾಗಿರಲಿಲ್ಲ.

ಅದಕ್ಕಿಂತ ಉರಿ ಏನು ಗೊತ್ತಾ? ಎಲ್ಲರೂ ಹೊಗಳಿದ್ದೇ ಹೊಗಳಿದ್ದು. "ಎಂಥಾ ಬಿಳುಪು ಅಕ್ಕಾ!" ಅಂತ ಸಂಪಾದಕಿ. ನಾನು ಅವಳ ಮುಖವನ್ನೇ ನೋಡಿದೆ. ಕೆಡಿಸಿದ್ದನ್ನ ಹೊಗಳೋರಿಗೆ ಕೆಡಿಸಿದವರು ಯಾರು ಅಂತ ಗೊತ್ತಿರಲೇಬೇಕಲ್ಲ.

ಮೊದಲು ಬಣ್ಣದ ಅಂಗಡಿಯವನ ಮೇಲೆ ಹೋದೆ. ಅವನ ನೀಲಿ ಟ್ಯೂಬಿನಲ್ಲಿ ಸತ್ವವೇ ಇಲ್ಲ. ಮುಂಚೆ ಬಿಳಿಗೆ ಒಂದು ಚುಕ್ಕೆ ನೀಲಿ ತಾಗಿಸಿದ್ರೆ ಸಾಕು, ತಣ್ಣಗಿನ ಬಿಳುಪು ಬಂದುಬಿಡ್ತಿತ್ತು. ಈಗ ಹಿಂಡಿ ಹಿಂಡಿ ಟ್ಯೂಬು ಬತ್ತಿದ್ರೂ ಬಿಳಿ ಮಾಸಲು ಮಾಸಲಾಗೇ ಇರತ್ತೆ. "ಏನಪ್ಪಾ, ಸುಣ್ಣ ಕಲಸಿ ಮಾರ್ತೀಯಾ?" ಅಂತ ಅಂಗಡಿಯಲ್ಲಿ ನಾಲ್ಕು ಜನರ ಎದುರಿಗೇ ಕೇಳಿದೆ. "ಅದೇ ಕಂಪನಿ, ಅದೇ ಬಣ್ಣ ಅಮ್ಮಾ. ಬೇರೆ ಯಾರೂ ಏನೂ ಅಂದಿಲ್ಲ," ಅಂದ. ಬೇರೆಯವರಿಗೆ ಕಣ್ಣಿದ್ರೆ ತಾನೇ ಅನ್ನೋಕೆ!

ಆಮೇಲೆ ಆಫೀಸಿನ ದೀಪಗಳು. ಅಗ್ಗದ ದೀಪ ಹಾಕಿದ್ದಾರೆ, ಸುತ್ತ ಬೆಳಕು ಚೆಲ್ಲಾಪಿಲ್ಲಿಯಾಗಿ ಹರಡಿಕೊಂಡು ಕಣ್ಣಿಗೆ ಚುಚ್ಚತ್ತೆ. ಕೇಳಿದ್ರೆ, ಬದಲಾಯಿಸಿಯೇ ಇಲ್ಲ ಅಂತಾರೆ. ನನ್ನ ಕಿವಿ ಮೇಲೆ ಹೂವಿಡೋಕೆ ಎಲ್ಲರೂ ಸರದಿಯಲ್ಲಿ ನಿಂತಿದ್ದಾರೆ ಅನಿಸ್ತು.

ಮನೆಯಲ್ಲಿ ನಮ್ಮ ಯಜಮಾನರ ಹತ್ರ ಹೇಳಿಕೊಂಡೆ. ಅವರು ಒಳ್ಳೆಯವರು, ಆದ್ರೆ ಎಲ್ಲದಕ್ಕೂ ತಣ್ಣೀರು ಎರಚೋ ಜಾತಿ. ಎಲ್ಲ ಕೇಳಿಸಿಕೊಂಡು, "ಒಂದ್ಸಲ ಕಣ್ಣು ತೋರಿಸ್ಕೊಂಡು ಬರೋಣ್ವಾ?" ಅಂದರು.

"ಯಾರು ಹೇಳಿಕೊಟ್ರು ನಿಮಗೆ ಇದನ್ನ?" ಅಂದೆ.

"ಯಾರು ಹೇಳಿಕೊಡ್ತಾರೆ? ನಾನೇ ಹೇಳ್ತಿದ್ದೀನಿ."

"ಸಂಪಾದಕಿ ಫೋನ್ ಮಾಡಿದ್ಲಾ?"

"ಅವಳ ನಂಬರ್ ಕೂಡ ನನ್ನ ಹತ್ರ ಇಲ್ಲ ಮಾರಾಯ್ತಿ!"

ನಾನು ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಪೇಪರಿನ ಅತಿ ಸಣ್ಣ ಅಕ್ಷರದ ಜಾಹೀರಾತನ್ನ ಗಡಗಡ ಓದಿ ತೋರಿಸಿದೆ. ಮೊದಲು ಕನ್ನಡಕವಿಲ್ಲದೆ ಅದು ಆಗ್ತಿರಲಿಲ್ಲ, ಈಗ ಆಗತ್ತೆ. ಕಣ್ಣು ಸುಧಾರಿಸಿದೆ ಅಂತಲೇ ಅರ್ಥ ತಾನೇ? ಅವರು ಪೇಪರ್ ಮಡಿಸಿಟ್ಟರು. "ಕಣ್ಣು" ಅನ್ನೋ ಶಬ್ದ ಈ ಮನೆಯಲ್ಲಿ ಇನ್ನೊಂದ್ಸಲ ಕೇಳಿಸಿದ್ರೆ ನೋಡಿ ಅಂತ ಕೂಗಾಡಿದೆ. ಪುಟ್ಟಿ ಅವತ್ತು ನಮ್ಮನೆಗೆ ಬಂದಿದ್ದಳು. ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು.

ವೃಶ್ಚಿಕದ ಮೀಟಿಂಗಿಗೆ ಸಂಪಾದಕಿಯ ಕೋಣೆಯಲ್ಲಿ ನಾಲ್ವರು ಕೂತಿದ್ವಿ: ಅವಳು, ನಾನು, ಪುಟ್ಟಿ, ಮತ್ತೆ ರಾಶಿಭವಿಷ್ಯ ಬರೆಯೋ ಮೇಷ್ಟ್ರು. ಮೇಷ್ಟ್ರು ನಿವೃತ್ತರಾದ ಲೆಕ್ಕದ ಮೇಷ್ಟ್ರು. ಬೇಜಾರಾದಾಗ ಹೋದ ವರ್ಷದ ಮಿಥುನವನ್ನ ಈ ವರ್ಷದ ಕುಂಭಕ್ಕೆ ಹಾಕಿಬಿಡೋದು ಅವರ ಅಭ್ಯಾಸ, ನಾನೇ ಹಿಡಿದಿದ್ದೀನಿ.

"ವೃಶ್ಚಿಕದವರ ಸ್ವಭಾವ ಹೇಳಿ ಮೇಷ್ಟ್ರೇ," ಅಂದಳು ಸಂಪಾದಕಿ.

"ಗುಟ್ಟಿನ ಜನ. ಯಾರನ್ನೂ ನಂಬಲ್ಲ. ಕುಟುಕಿದ್ರೆ ಮರೆಯೋ ಹಾಗಿಲ್ಲ," ಅಂದು ಮೇಷ್ಟ್ರು ನನ್ನ ಕಡೆ ನೋಡಿ ನಕ್ಕರು. ನಾನು ವೃಶ್ಚಿಕ ಅಂತ ಅವರಿಗೆ ಗೊತ್ತು. "ಒಟ್ಟಿನಲ್ಲಿ ಸಂಶಯ ಪಿಶಾಚಿಗಳು."

"ನಿಮ್ಮ ಹತ್ರ ಮೋಸ ಹೋಗೋಕಿಂತ ಅದೇ ವಾಸಿ," ಅಂದೆ. ಪುಟ್ಟಿ ನಕ್ಕಳು. ಯಾವ ಅರ್ಥದಲ್ಲಿ ನಕ್ಕಳೋ.

ನಾನು ಯಾವಾಗಲೂ ಮೂರು ಪೆನ್ಸಿಲ್ ನಕ್ಷೆ ಒಯ್ತೀನಿ. ಅದರಲ್ಲಿ ಒಂದು ಬೇಡ ಅನ್ನಿಸಿಕೊಳ್ಳೋಕೇ ಮಾಡಿದ್ದು. ಸಂಪಾದಕರಾದವರಿಗೆ ಏನನ್ನಾದರೂ ತೆಗೆದುಹಾಕದಿದ್ರೆ ತಾವು ಸಂಪಾದಕರು ಅಂತ ಅನಿಸಲ್ಲ, ಅದಕ್ಕೆ. ಈ ಸಲದ ಆ ಬಲಿಪಶು, ಚೇಳಿನ ಆಕಾರದ ಪದಕ ಹಾಕಿಕೊಂಡ ಒಂದು ಚೆಲುವೆ. ಸಂಪಾದಕಿ ಅದನ್ನ ನೋಡಿದ ತಕ್ಷಣ ಪಕ್ಕಕ್ಕೆ ಸರಿಸಿದಳು. ಎರಡನೆಯದು, ಬೆನ್ನು ತಿರುಗಿಸಿ ಕೂತ ಹೆಂಗಸಿನ ಉದ್ದ ಜಡೆ ಮೇಲಕ್ಕೆ ಬಾಗಿ ಚೇಳಿನ ಬಾಲವಾಗಿರೋದು, ತುದಿಯಲ್ಲಿ ಕೊಂಡಿಯ ಜಾಗದಲ್ಲಿ ಒಂದು ಹೇರ್‌ಪಿನ್. "ಚೆನ್ನಾಗಿದೆ," ಅಂದಳು. ಮೂರನೆಯದನ್ನ ಎರಡೂ ಕೈಯಲ್ಲಿ ಎತ್ತಿಕೊಂಡಳು.

ಮೂರನೆಯದರಲ್ಲಿ ಚೇಳಿಲ್ಲ. ಬೆಳದಿಂಗಳ ಬಿಳಿ ಮರಳು. ಅದರ ಮೇಲೆ ಬಿಟ್ಟಿರೋ ಒಂದು ಜೊತೆ ಚಪ್ಪಲಿ. ಮರಳಿನಲ್ಲಿ ಸಣ್ಣ ಸಣ್ಣ ಗೀರುಗಳ ಒಂದು ಜಾಡು ಚಪ್ಪಲಿ ತನಕ ಬಂದು ನಿಂತಿದೆ. ಆಚೆ ಕಡೆ ಹೋದ ಗುರುತಿಲ್ಲ. ಮೇಲಿನಿಂದ ಒಂದು ಹೆಂಗಸಿನ ಬರಿಗಾಲು ಚಪ್ಪಲಿಗೆ ಇಳೀತಾ ಇದೆ, ಇನ್ನೇನು ತಾಗಬೇಕು.

"ಅಯ್ಯೋ, ಕಾಲು ಇಡಬೇಡ ಅಂತ ಕೂಗೋಣ ಅನಿಸತ್ತೆ!" ಅಂದಳು ಸಂಪಾದಕಿ. ಮೇಷ್ಟ್ರು ಮೇಜಿನ ಕೆಳಗೆ ತಮ್ಮ ಚಪ್ಪಲಿ ನೋಡಿಕೊಂಡರು. ನನ್ನ ಎದೆ ಉಬ್ಬಿತು. ಇಷ್ಟು ವರ್ಷದಲ್ಲಿ ಇಂಥದ್ದು ನನ್ನ ಕೈಯಿಂದ ಬಂದಿರಲಿಲ್ಲ. ಆದ್ರೆ ಅದೇ ಹೊತ್ತಿಗೆ ಪುಟ್ಟಿ ಕಡೆ ನೋಡಿದೆ. ಅವಳು ನಕ್ಷೆಯಲ್ಲಿದ್ದ ಆ ಖಾಲಿ ಮರಳನ್ನೇ ನೋಡ್ತಿದ್ದಳು.

"ಇದಕ್ಕೆ ಪೂರ್ತಿ ಬಿಳಿ ಬೇಕಾಗತ್ತಲ್ಲಾ ಅಕ್ಕ," ಅಂದಳು ಮೆಲ್ಲಗೆ. "ಜಡೆಯದ್ದೇ ಮಾಡಿದ್ರೆ ಹೇಗೆ?"

ಓಹೋ! ಒಳ್ಳೆಯದು ಬಂದ ತಕ್ಷಣ ಅಡ್ಡಗಾಲು. ಅಲ್ಲಿಗೆ ನನಗೆ ಸುಳಿವು ಸಿಕ್ಕಿತು. ಬಣ್ಣದ ಅಂಗಡಿಯವನಲ್ಲ, ದೀಪದವನಲ್ಲ. ಚಿತ್ರ ನನ್ನ ಕೈ ಬಿಟ್ಟ ಮೇಲೆ ಪ್ರೆಸ್ಸಿಗೆ ಹೋಗೋ ದಾರಿಯಲ್ಲಿ ಒಬ್ಬಳೇ ಇರೋದು. ನನ್ನ ಬೆನ್ನಿಗೆ ಬಿದ್ದವಳು. ನಾನು ಜಡೆ ಹಾಕಿ ಸ್ಕೂಲಿಗೆ ಕಳಿಸಿದವಳು. ಸಂಪಾದಕಿಯ ಜೊತೆ ಊಟದ ಡಬ್ಬಿ ಹಂಚಿಕೊಂಡು ತಿನ್ನೋಕೆ ಶುರು ಮಾಡಿದ್ದಾಳೆ ಬೇರೆ. ಇಬ್ಬರೂ ಸೇರಿ ನನ್ನ ಚಿತ್ರ ಕೆಡಿಸಿ, "ಪಾಪ, ಅಕ್ಕನಿಗೆ ವಯಸ್ಸಾಯ್ತು" ಅಂತ ಸಾಗಹಾಕೋ ಆಟ. ಆಮೇಲೆ ನನ್ನ ಜಾಗದಲ್ಲಿ ಪುಟ್ಟಿ.

ಚಪ್ಪಲಿಯ ಚಿತ್ರ ಬರೆಯೋವಾಗ ಮರಳಿಗೆ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಬೆಳದಿಂಗಳು ಬರಬೇಕು, ಬರ್ತಿಲ್ಲ. ಇನ್ನಷ್ಟು ನೀಲಿ, ಇನ್ನಷ್ಟು. ಕೊನೆಗೆ ಒಂದು ಮಧ್ಯಾಹ್ನ ಮರಳು ತಣ್ಣಗೆ ಹೊಳೀತು. ಕಾಲಿಗೂ ಅದರದ್ದೇ ಒಂದು ನೆರಳು ಕೊಟ್ಟೆ. ನೋಡಿ ನೋಡಿ ಕಣ್ಣು ತುಂಬಿ ಬಂತು.

ಮಾದರಿ ಹಾಳೆ ಬಂದಾಗ ಈ ಸಲ ಒಂದು ಜಾಣತನ ಮಾಡಿದೆ. "ಎರಡು ಹಾಳೆ ತರಿಸು, ಒಂದು ನನಗೆ ಮನೆಯಲ್ಲಿಟ್ಟುಕೊಳ್ಳೋಕೆ," ಅಂತ ಪುಟ್ಟಿಗೆ ಹೇಳಿದೆ. ಅವಳ ಮುಖ ಒಂದು ಕ್ಷಣ ಬಿಳುಚಿತು. ಆದ್ರೂ ತರಿಸಿದಳು. ಎರಡರಲ್ಲೂ ಬೆಳದಿಂಗಳು ನಾನು ಬರೆದ ಹಾಗೇ ಇತ್ತು. ಎರಡಕ್ಕೂ ಸಹಿ ಹಾಕಿ, ಒಂದನ್ನ ಅವಳಿಗೆ ಕೊಟ್ಟು, ಒಂದನ್ನ ಚೀಲಕ್ಕೆ ಹಾಕಿಕೊಂಡೆ. ಅವಳು ಹಾಳೆ ಹಿಡಿದು ಹೋಗೋದನ್ನ ಕಿಟಕಿಯಿಂದ ನೋಡ್ತಾ ನಿಂತೆ. ಗೇಟಿನ ಹತ್ರ ನಿಂತು ಯಾರಿಗೋ ಫೋನ್ ಮಾಡಿದಳು, ಬಾಯಿಗೆ ಕೈ ಅಡ್ಡ ಹಿಡಿದು.

ಮಾರನೇ ದಿನ ಬೆಳಿಗ್ಗೆ ಹೇಳದೆ ಕೇಳದೆ ಪ್ರೆಸ್ಸಿಗೆ ಹೋದೆ. ಅಲ್ಲಿ ಮೆಷಿನ್ ನಡೆಸೋನು ನಮ್ಮ ಇಂಕಣ್ಣ. ಅವನ ಉಗುರಿನ ಸಂದಿಯ ಮಸಿ ಎಂದೂ ಹೋಗಿಲ್ಲ, ಅದಕ್ಕೇ ಆ ಹೆಸರು. ಯಾವತ್ತೂ "ಬನ್ನಿ ಅಕ್ಕಾ" ಅನ್ನೋನು ಅವತ್ತು ನನ್ನ ನೋಡಿದವನೇ ಮೆಷಿನ್ನಿನ ಮುಂದೆ ಗೋಡೆ ಥರ ನಿಂತುಕೊಂಡ.

"ಸರಿ ಆಚೆಗೆ," ಅಂದೆ.

"ಅಕ್ಕಾ, ಇನ್ನೂ ಶುರು ಮಾಡಿಲ್ಲ. ಚಹಾ ತರಿಸ್ಲಾ?"

"ನಿನ್ನ ಚಹಾ ಯಾರಿಗೆ ಬೇಕು? ಸರಿ!"

ಮೆಷಿನ್ನಿನ ಪಕ್ಕದ ಹಲಗೆಗೆ ಮಾದರಿ ಹಾಳೆ ಸಿಕ್ಕಿಸಿತ್ತು. ನನ್ನ ಬೆಳದಿಂಗಳು ಸತ್ತು ಬಿದ್ದಿತ್ತು. ಮರಳೆಲ್ಲ ತುಕ್ಕು. ಕಾಲಿಗೆ ಯಾರೋ ಕೆಂಪು ಮಣ್ಣು ಬಳಿದ ಹಾಗೆ. ಮೂಲೆಯಲ್ಲಿ ನನ್ನ ಸಹಿ! ನಾನು ಹಾಕದ ಸಹಿ! ನನ್ನ ಹಾಗೇ ಕೊನೆಯ ಅಕ್ಷರದ ಬಾಲ ಎಳೆದು, ಅದರ ಕೆಳಗೆ ಒಂದು ಚುಕ್ಕೆ ಕೂಡ ಇಟ್ಟಿದ್ದರು.

"ಇದನ್ನ ಯಾರು ತಂದುಕೊಟ್ರು?"

ಇಂಕಣ್ಣ ನೆಲ ನೋಡಿದ.

"ಬಾಯಲ್ಲಿ ಏನು ಇಟ್ಕೊಂಡಿದ್ದೀಯಾ? ಯಾರು?"

"ಪುಟ್ಟಿ ಮೇಡಂ," ಅಂದ. "ಅಕ್ಕಾ, ಅವರು ಕೆಟ್ಟದ್ದಕ್ಕೆ ಮಾಡಿದ್ದಲ್ಲ..."

"ಸುಳ್ಳು ಸಹಿಯನ್ನ ಒಳ್ಳೆಯದಕ್ಕೆ ಹಾಕ್ತಾರಾ?" ಅಂತ ಹಾಳೆಯನ್ನ ಹಲಗೆಯಿಂದ ಕಿತ್ತುಕೊಂಡು ಹೊರಟೆ. ಬಸ್ ಹತ್ತಿ ಕೂತೆ. ಹಿಡಿದೆ ಅನ್ನೋ ಖುಷಿ ಒಂದು ಕಡೆ. ಹಿಡಿದದ್ದು ಯಾರನ್ನ ಅನ್ನೋ ಸಂಕಟ ಇನ್ನೊಂದು ಕಡೆ. ಅಳು ಬಂತು, ಸಿಟ್ಟಿನಿಂದ ನುಂಗಿಕೊಂಡೆ.

ಸೀದಾ ಸಂಪಾದಕಿಯ ಕೋಣೆಗೆ ನುಗ್ಗಿದೆ. ಪುಟ್ಟಿಯನ್ನೂ ಕರೆಸಿದೆ. ಬಾಗಿಲು ಹಾಕಿ, ಎರಡೂ ಹಾಳೆಗಳನ್ನ ಮೇಜಿನ ಮೇಲೆ ಅಕ್ಕಪಕ್ಕ ಹರಡಿದೆ.

"ನೋಡಿ ಮೇಡಂ. ಇದು ನಾನು ಬರೆದು, ನೋಡಿ, ಸಹಿ ಹಾಕಿದ್ದು. ಇದು ನಿಮ್ಮ ಪುಟ್ಟಿ ಮೇಡಂ ಕಳ್ಳಸಹಿ ಹಾಕಿ ಪ್ರೆಸ್ಸಿಗೆ ಕೊಟ್ಟಿದ್ದು. ಕನ್ಯಾ, ತುಲಾ ಎರಡನ್ನೂ ಹೀಗೇ ಕೆಡಿಸಿದ್ದು. ನನ್ನ ಕಣ್ಣಿಗೆ ಮಣ್ಣೆರಚಿಕೊಂಡು ಇಷ್ಟು ದಿನ ನಡೆಸಿದ್ದಾಳೆ. ಇನ್ನು ಈ ಆಫೀಸಿನಲ್ಲಿ ಒಂದೋ ಅವಳಿರ್ಬೇಕು, ಇಲ್ಲ ನಾನಿರ್ಬೇಕು. ಈಗಲೇ ಹೇಳಿ."

ಸಂಪಾದಕಿ ನನ್ನ ಹಾಳೆಯನ್ನ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಬಣ್ಣ ಹಾಕಿದ ಮೂಲ ಚಿತ್ರಗಳನ್ನ ನೋಡೋ ರೂಢಿ ಅವಳಿಗಿಲ್ಲ. ಪೆನ್ಸಿಲ್ ನಕ್ಷೆ ಒಪ್ಪಿದ ಮೇಲೆ ಅವಳ ಕೆಲಸ ಮುಗೀತು, ಮುಂದಿನದೆಲ್ಲ ನಾನು, ಪುಟ್ಟಿ, ಪ್ರೆಸ್ಸು.

"ಇದು... ಇದು ನೀವು ಸಹಿ ಹಾಕಿದ್ದಾ ಅಕ್ಕಾ?" ಅಂದಳು.

"ಹೂಂ. ಅದೇ ಬೆಳದಿಂಗಳು."

"ಆದ್ರೆ ಇದರಲ್ಲಿ ಮರಳು ಪೂರ್ತಿ..."

"ಹೌದು ಮೇಡಂ, ನಾನೇ ಕೆಡಿಸಿದ್ದು," ಅಂದಳು ಪುಟ್ಟಿ, ಸಂಪಾದಕಿಯ ಮಾತನ್ನ ಅರ್ಧಕ್ಕೆ ಕತ್ತರಿಸಿ. ತನ್ನ ಜನ್ಮದಲ್ಲಿ ಅವಳು ಯಾರ ಮಾತನ್ನೂ ಕತ್ತರಿಸಿದವಳಲ್ಲ. "ಅಕ್ಕನ ಮೇಲೆ ನಂಗೆ ಹೊಟ್ಟೆಕಿಚ್ಚು. ಸಹಿಯೂ ನಂದೇ. ತಪ್ಪಾಯ್ತು. ನಾನೇ ಕೆಲಸ ಬಿಡ್ತೀನಿ. ಅಕ್ಕ ಇರ್ಲಿ."

ಗೆದ್ದೆ ಅಂತ ಕುಣಿಬೇಕಾಗಿತ್ತು ನಾನು. ಆದ್ರೆ ಆಗ ನೋಡಬಾರದ್ದನ್ನ ನೋಡಿದೆ. ಸಂಪಾದಕಿ ಏನೋ ಹೇಳೋಕೆ ಬಾಯಿ ತೆರೆದಳು. ಪುಟ್ಟಿ ಅವಳ ಕಡೆ ತಿರುಗಿ ಒಂದೇ ಒಂದು ಸಲ ತಲೆ ಅಲ್ಲಾಡಿಸಿದಳು, ಬೇಡ ಅಂತ. ಕಣ್ಣಲ್ಲಿ ನೀರು. ಸಂಪಾದಕಿ ಬಾಯಿ ಮುಚ್ಚಿದಳು. ಮುಚ್ಚಿ ನನ್ನ ಕಡೆ ನೋಡಿದಳು. ಆ ನೋಟ ನನ್ನನ್ನ ಓಡಿಸಬೇಕು ಅನ್ನೋರ ನೋಟ ಅಲ್ಲ. ಕಾಯಿಲೆಯವರ ಮಂಚದ ಹತ್ರ ಬಂದವರು ಹಾಗೆ ನೋಡ್ತಾರೆ.

ಹುಟ್ಟಿದಾಗಿನಿಂದ ಜನರ ಕಣ್ಸನ್ನೆ ಹಿಡಿದು ಹಿಡಿದು ಹಣ್ಣಾದವಳು ನಾನು. ಕೆಡಿಸಿದವಳು ಸಿಕ್ಕಿಬಿದ್ರೆ ಹೆದರಬೇಕು. ಇವಳು ಹೆದರಿದ್ದು ಸಂಪಾದಕಿ ಬಾಯಿ ಬಿಟ್ಟರೆ ಅಂತ. ಏನಂತ ಬಾಯಿ ಬಿಡ್ತಿದ್ದಳು? ಮರಳು ಪೂರ್ತಿ ಏನು?

"ಮರಳು ಪೂರ್ತಿ ಏನು ಮೇಡಂ?" ಅಂದೆ.

"ಏನಿಲ್ಲ ಅಕ್ಕಾ," ಅಂದಳು ಸಂಪಾದಕಿ. ಹಸಿ ಸುಳ್ಳು.

ಎರಡೂ ಹಾಳೆ ಕೈಯಲ್ಲಿ ಹಿಡಿದು ಎದ್ದೆ. "ಅಕ್ಕ, ಎಲ್ಲಿಗೆ?" ಅಂತ ಪುಟ್ಟಿ ಕೂಗಿದಳು. ಉತ್ತರ ಕೊಡದೆ ಮೆಟ್ಟಿಲಿಳಿದೆ. ಆಫೀಸಿನಲ್ಲಿ ಯಾರನ್ನ ಕೇಳಿದ್ರೂ ಅವರವರು ಮಾತಾಡಿಕೊಂಡಿರ್ತಾರೆ. ಮನೆಗೆ ಹೋದ್ರೆ ನಮ್ಮವರು ಪುಟ್ಟಿಯ ಕಡೆ. ನನಗೆ ಬೇಕಾಗಿದ್ದು ನನ್ನ ಹೆಸರು ಕೂಡ ಗೊತ್ತಿಲ್ಲದವರು.

ರಸ್ತೆಯ ಆಚೆ ಬಸ್ ಸ್ಟಾಪಿನಲ್ಲಿ ಒಬ್ಬ ಹೆಂಗಸು ಮಗಳನ್ನ ಪಕ್ಕದಲ್ಲಿ ಕೂರಿಸಿಕೊಂಡು ಬಸ್ಸಿಗೆ ಕಾಯ್ತಿದ್ದಳು. ಕಾಲಬಳಿ ತರಕಾರಿ ಚೀಲ. ಮಟಮಟ ಮಧ್ಯಾಹ್ನದ ಬಿಸಿಲು. ಎರಡೂ ಹಾಳೆ ಅವಳ ಮುಂದೆ ಹಿಡಿದೆ.

"ಅಮ್ಮಾ, ಒಂದು ಸಹಾಯ ಮಾಡ್ತೀಯಾ? ಬೆಳದಿಂಗಳಲ್ಲಿ ಬಿಳಿ ಮರಳು ಅಂತ ಬರೆದದ್ದು. ಎರಡರಲ್ಲಿ ಯಾವುದು ಬೆಳ್ಳಗಿದೆ ಹೇಳು."

ಅವಳು ನನ್ನನ್ನ ಮೇಲಿಂದ ಕೆಳಗೆ ನೋಡಿ, ಚೀಲವನ್ನ ಸ್ವಲ್ಪ ಹತ್ರ ಎಳೆದುಕೊಂಡಳು. ಅನುಮಾನ ನನ್ನೊಬ್ಬಳ ಸ್ವತ್ತಲ್ಲ. ಆಮೇಲೆ ಬೆರಳಿಟ್ಟು ತೋರಿಸಿದಳು. ತುಕ್ಕು ಹಿಡಿದ ಹಾಳೆಯನ್ನ.

"ಸರಿಯಾಗಿ ನೋಡಮ್ಮಾ."

"ನೋಡೋದೇನಿದೆ? ಇದೇ ಬಿಳಿ. ನಿಜವಾಗ್ಲೂ ತಿಂಗಳ ಬೆಳಕಿನ ಥರ ಇದೆ. ಅದು ಪೂರ್ತಿ ನೀಲಿ ಅಲ್ವಾ?"

"ನೀಲಿಯಾ? ಎಲ್ಲಿ ನೀಲಿ?"

ಅವಳಿಗೆ ಗಾಬರಿಯಾಯ್ತು. "ಎಲ್ಲಿ ಅಂದ್ರೆ... ಎಲ್ಲಾ ಕಡೆನೂ. ಮಸಿ ಬಾಟಲಿ ಚೆಲ್ಲಿದ ಹಾಗೆ."

ಮಗು ಬೆಂಚಿನ ಮೇಲೆ ಎದ್ದು ನಿಂತು ನನ್ನ ಬೆಳದಿಂಗಳ ಕಡೆ ಬಗ್ಗಿ ನೋಡಿತು. "ಅಮ್ಮಾ, ಈ ಕಾಲು ಯಾಕೆ ಹೀಗಿದೆ? ಸತ್ತೋಗಿದಾರಾ?"

"ಶ್! ಹಾಗೆಲ್ಲ ಅನ್ನಬಾರದು," ಅಂತ ತಾಯಿ ಅದನ್ನ ಎಳೆದು ಕೂರಿಸಿದಳು. ನನ್ನ ಮುಖ ನೋಡಿ, "ಕೂತ್ಕೊಳ್ಳಿ ಅಮ್ಮಾ, ನೀರು ಕೊಡ್ಲಾ?" ಅಂದಳು.

ನಾನು ಹಾಳೆಯನ್ನ ಕಣ್ಣಿನ ಹತ್ರ ಹಿಡಿದೆ, ದೂರ ಹಿಡಿದೆ, ಬಿಸಿಲಿಗೆ ತಿರುಗಿಸಿದೆ. ನೀಲಿ ಹುಡುಕಿದೆ. ಅರ್ಧ ತಿಂಗಳು ಟ್ಯೂಬ್ ಹಿಂಡಿ ಹಿಂಡಿ ನಾನೇ ಸುರಿದ ನೀಲಿ. ಕಾಣಲಿಲ್ಲ. ತಣ್ಣಗಿನ ಬಿಳಿ ಮರಳು, ಅಷ್ಟೇ. ಅಂಗಡಿಯವನ ಬಣ್ಣದಲ್ಲಿ ಸತ್ವ ಇತ್ತು. ಇಲ್ಲದ್ದು ಎಲ್ಲಿ ಅಂತ ಆಗ ಗೊತ್ತಾಯ್ತು. ಇಷ್ಟು ದೊಡ್ಡ ರಸ್ತೆಯಲ್ಲಿ, ಇಷ್ಟು ಬಿಸಿಲಲ್ಲಿ, ನಂಗೆ ಅಂಥಾ ಹೆದರಿಕೆ ಯಾವತ್ತೂ ಆಗಿರಲಿಲ್ಲ.

ಮೆಟ್ಟಿಲು ಹತ್ತಿ ಬಂದಾಗ ಪುಟ್ಟಿ ತನ್ನ ಮೇಜಿನ ಡ್ರಾಯರು ಖಾಲಿ ಮಾಡ್ತಿದ್ದಳು. ನೀರಿನ ಬಾಟಲಿ, ಬಾಚಣಿಗೆ, ಊಟದ ಡಬ್ಬಿ ಎಲ್ಲ ಮೇಜಿನ ಮೇಲಿತ್ತು. ನನ್ನನ್ನ ನೋಡಿ ಕೈ ನಿಲ್ಲಿಸಿದಳು. ಮುಖ ನೋಡಿಯೇ ಅವಳಿಗೆ ಅರ್ಥವಾಯ್ತು, ನಂಗೆ ಅರ್ಥವಾಗಿದೆ ಅಂತ.

"ಯಾವಾಗಿನಿಂದ?" ಅಂದೆ.

ಅವಳು ಕುರ್ಚಿಯಲ್ಲಿ ಕೂತಳು.

"ಮೇಷದಿಂದ," ಅಂದಳು. "ನೀನು ಸಹಿ ಹಾಕಿದ ಮೇಲೆ ಕಂಪ್ಯೂಟರಿನಲ್ಲಿ ನೀಲಿ ಇಳಿಸಿ, ಬೇರೆ ಹಾಳೆ ತರಿಸ್ತಿದ್ದೆ. ಮೊದಮೊದಲು ಸ್ವಲ್ಪ. ಯಾರಿಗೂ ಗೊತ್ತಾಗದಷ್ಟು, ನಿಂಗೂ ಗೊತ್ತಾಗದಷ್ಟು. ಆಮೇಲಾಮೇಲೆ ಜಾಸ್ತಿ ತಿದ್ದಬೇಕಾಯ್ತು."

"ಸಿಂಹವೂ?"

"ಹೂಂ."

ಆ ಖಾಲಿ ಕುರ್ಚಿಯನ್ನ ಹೊಗಳಿದವರ ಹತ್ರವೆಲ್ಲ ನಾನು ಎದೆ ಸೆಟೆಸಿಕೊಂಡು ಓಡಾಡಿದ್ದೆ. ಪುಟ್ಟಿಯೇ ಅವರಿಗೆಲ್ಲ ಚಹಾ ತಂದುಕೊಟ್ಟಿದ್ದಳು.

"ನಂಗೆ ಒಂದು ಮಾತು ಹೇಳಬಾರದಿತ್ತಾ? ಕಣ್ಣಿಗೆ ಹಳದಿ ಪೊರೆ ಬಂದು ನೀಲಿ ಕಾಣದೆ ಹೋಗಿರತ್ತೆ, ತೆಗೆಸಿದ್ರೆ ಸರಿಹೋಗತ್ತೆ. ಅಷ್ಟೂ ಗೊತ್ತಿಲ್ಲದ ದಡ್ಡಿನಾ ನಾನು?"

"ಭಾವ ಹೇಳಿದ್ರಲ್ಲ," ಅಂದಳು. "ನಾನು ಬಾಗಿಲಲ್ಲೇ ನಿಂತಿದ್ದೆ. ಹೇಳಿದೋರನ್ನೆಲ್ಲ ನೀನು ಶತ್ರುಗಳ ಜೊತೆ ಸೇರಿಸಿಬಿಡ್ತೀಯ ಅಕ್ಕ. ಅಂಗಡಿಯವನು, ದೀಪದವನು, ಮೇಡಂ, ಭಾವ. ನಾನೂ ಆ ಕಡೆ ಸೇರಿಬಿಟ್ರೆ ನಿನ್ನ ಕಡೆ ಯಾರಿರ್ತಾರೆ ಅಂತ ಸುಮ್ಮನಿದ್ದೆ."

ನಾನು ಅವಳ ಡಬ್ಬಿಯನ್ನ ಎತ್ತಿ ಡ್ರಾಯರಿನೊಳಗೆ ಇಟ್ಟೆ. ಬಾಚಣಿಗೆ ಇಟ್ಟೆ. ಬಾಟಲಿ ಇಡೋವಾಗ ಅದು ಉರುಳಿತು, ಅವಳೇ ಹಿಡಿದುಕೊಂಡಳು. "ಪುಟ್ಟಿ, ತಪ್ಪಾಯ್ತು ಕಣೇ," ಅಂದೆ. ಇಷ್ಟು ವಯಸ್ಸಿಗೆ ಆ ಮಾತನ್ನ ಯಾರ ಹತ್ರವೂ ಅಂದವಳಲ್ಲ. ಅವಳು ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡು," ಅಂದಳು. ಆ ಹೋಗ್ಲಿ ಬಿಡು ನನ್ನನ್ನ ಇನ್ನೂ ಸುಟ್ಟಿತು.

ಸಂಪಾದಕಿ ತನ್ನ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ. "ಪ್ರೆಸ್ಸಿನಿಂದ ಫೋನ್ ಬಂದಿತ್ತು ಅಕ್ಕಾ," ಅಂದಳು ಸಂಕೋಚದಿಂದ. "ಹಾಳೆ ನಿಮ್ಮ ಹತ್ರ ಇದೆಯಂತೆ. ಮೆಷಿನ್ ನಿಲ್ಲಿಸಿಕೊಂಡು ಕಾಯ್ತಿದ್ದಾರೆ."

"ಇಬ್ಬರಲ್ಲಿ ಒಬ್ಬರು ಅಂದಿದ್ದೆ ಮೇಡಂ. ಅವಳಿರ್ತಾಳೆ," ಅಂದೆ. "ನಾನು ನಾಳೆ ಆಸ್ಪತ್ರೆಗೆ ಹೋಗ್ತೀನಿ. ಪೊರೆ ತೆಗೆಸಿಕೊಂಡು ಬಂದ ಮೇಲೆ ನನ್ನನ್ನ ಇಟ್ಕೊಳ್ಳೋದೋ ಬಿಡೋದೋ, ನನ್ನ ಕಣ್ಣು ನೋಡಿ ನೀವೇ ತೀರ್ಮಾನ ಮಾಡಿ."

ಅವಳು ತಲೆ ಆಡಿಸಿದಳು.

ಎರಡೂ ಹಾಳೆ ಪುಟ್ಟಿಯ ಮೇಜಿನ ಮೇಲೆ ಹರಡಿದೆ. ನನ್ನ ಬೆಳದಿಂಗಳು ಎಷ್ಟು ಚೆನ್ನಾಗಿತ್ತು ಅಂತೀರಿ! ಅದನ್ನ ಮಡಿಸಿ ಪಕ್ಕಕ್ಕಿಟ್ಟೆ. ಇನ್ನೊಂದನ್ನ ಎಳೆದುಕೊಂಡೆ. ತುಕ್ಕು ಮರಳು, ಮಣ್ಣು ಬಳಿದ ಕಾಲು, ನನ್ನ ಕಣ್ಣಿಗೆ ಈಗಲೂ ಒಂದಿಷ್ಟೂ ಬದಲಾಗಿರಲಿಲ್ಲ. ಒಳಗಿನಿಂದ ಅದೇ ಹಳೇ ದನಿ ಕೇಳ್ತಾ ಇತ್ತು: ಆ ಬಸ್ ಸ್ಟಾಪಿನವಳನ್ನೂ ಇವರೇ ಕೂರಿಸಿದ್ದರೆ? ಪೆನ್ನಿಗಾಗಿ ತಡಕಾಡಿದೆ. ಪುಟ್ಟಿ ತನ್ನದನ್ನ ಕೊಟ್ಟಳು. ಅವಳು ಹಾಕಿದ್ದ ಕಳ್ಳಸಹಿಯ ಪಕ್ಕಕ್ಕೆ ನಿಬ್ಬು ಒಯ್ದೆ, ಮುಖವನ್ನ ಗೋಡೆಯ ಕಡೆ ತಿರುಗಿಸಿಕೊಂಡೆ.

"ಒಂದ್ಸಲ ನೋಡಿಕೊಂಡು ಹಾಕಿ ಅಕ್ಕಾ," ಅಂದಳು ಸಂಪಾದಕಿ.

"ನೋಡಿದ್ರೆ ಹಾಕೋಕಾಗಲ್ಲ," ಅಂದೆ. "ಪುಟ್ಟಿ, ಜಾಗ ಸರಿಯಾಗಿದೆಯಾ ಹೇಳೇ."